ಯಾಶಿಕಾ ಮ್ಯಾಟ್ 124ಜಿ: ಶಟರ್ ಅಂಟಿದ್ದರೂ ಕೊಳ್ಳಬಹುದಾದ ಕ್ಯಾಮೆರಾ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಹಳೆಯ ಸ್ಟುಡಿಯೋಗಳ ಕಪಾಟಿನಿಂದ ಯಾಶಿಕಾ ಮ್ಯಾಟ್ 124ಜಿ ಮಾರಾಟಕ್ಕೆ ಬಂದರೆ ಅದರ ಜತೆಗೆ ಹೆಚ್ಚಾಗಿ ಒಂದು ಮಾತೂ ಬರುತ್ತದೆ: "ಕ್ಯಾಮೆರಾ ಫಸ್ಟ್ ಕ್ಲಾಸ್ ಉಂಟು, ಒಂದು ಸೆಕೆಂಡಿಗೆ ಇಟ್ಟರೆ ಮಾತ್ರ ಸ್ವಲ್ಪ ಹಿಡೀತದೆ." ಇದನ್ನು ಕೇಳಿ ಕ್ಯಾಮೆರಾ ಬೇಡವೆಂದು ಹಿಂದೆ ಬರುವವರಿದ್ದಾರೆ. ಕೊಂಡುಹೋಗಿ ಎರಡು ಹನಿ ಎಣ್ಣೆ ಬಿಟ್ಟು ಇದ್ದದ್ದನ್ನೂ ಕೆಡಿಸುವವರೂ ಇದ್ದಾರೆ. ಎರಡೂ ತಪ್ಪು. ಈ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಭಾಗ, ನಿಧಾನವಾಗುವುದಕ್ಕೆ ಹೆಚ್ಚಿನ ಸಲ ಕಾರಣ ಸವೆತವಲ್ಲ, ಒಳಗೆ ಗಟ್ಟಿಯಾದ ಹಳೆಯ ಎಣ್ಣೆ. ಅದನ್ನು ತೆಗೆದರೆ ಕ್ಯಾಮೆರಾ ಮತ್ತೆ ಓಡುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಲೆನ್ಸಿನ ಗುಣಗಾನಕ್ಕಿಂತ ಹೆಚ್ಚು ಜಾಗ ಶಟರಿಗೇ ಹೋಗುತ್ತದೆ.

ಮೊದಲು ವಸ್ತುವಿನ ಪರಿಚಯ. 1970ರಿಂದ 1986ರ ತನಕ ಜಪಾನಿನಲ್ಲಿ ತಯಾರಾದ ಜೋಡಿ ಲೆನ್ಸಿನ ಕ್ಯಾಮೆರಾ ಇದು: ಮೇಲಿನ ಲೆನ್ಸ್ ನೋಡಲು, ಕೆಳಗಿನದು ಚಿತ್ರ ತೆಗೆಯಲು. 120 ರೋಲಿನಲ್ಲಿ 6×6 ಸೆಂ.ಮೀ. ಅಳತೆಯ 12 ಚಿತ್ರ ಬರುತ್ತವೆ. ಚಿತ್ರ ತೆಗೆಯುವ ಲೆನ್ಸ್ 80 ಮಿ.ಮೀ. ಎಫ್/3.5 ಯಾಶಿನಾನ್, ನಾಲ್ಕು ಗಾಜಿನ ಟೆಸ್ಸಾರ್ ಮಾದರಿ. ಬೆಳಕಿನ ದ್ವಾರವನ್ನು ಎಫ್/8ಕ್ಕೆ ಕಿರಿದು ಮಾಡಿದರೆ ಅಡಕೆ ತೋಟದ ಪ್ರತಿ ಸೋಗೆಯೂ ಬಿಡಿಬಿಡಿಯಾಗಿ ಕಾಣುವಷ್ಟು ಚೂಪು. ಶಟರ್ ಕೊಪಾಲ್ ಎಸ್‌ವಿ: 1 ಸೆಕೆಂಡಿನಿಂದ 1/500ರ ತನಕ, ಜತೆಗೆ ಬಿ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುತ್ತದೆ). ಎಲ್ಲವೂ ಸ್ಪ್ರಿಂಗು ಮತ್ತು ಗೇರುಗಳ ಕೆಲಸ, ಬ್ಯಾಟರಿ ಬೇಕಾಗಿಲ್ಲ. ಬ್ಯಾಟರಿ ಬೇಕಾದದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಅದೂ ಈಗ ತಯಾರಾಗದ 1.35 ವೋಲ್ಟಿನ ಪಾದರಸದ ಸೆಲ್. ಮೀಟರ್ ಸತ್ತಿದ್ದರೆ ಬೇಸರ ಬೇಡ, ಫೋನಿನ ಮೀಟರ್ ಆಪ್ ಸಾಕು. ಶಟರ್ ಸತ್ತಿದ್ದರೆ ಮಾತ್ರ ಅದಕ್ಕೆ ಬದಲಿ ಎಂಬುದಿಲ್ಲ.

ನಿಧಾನದ ವೇಗಗಳು ನಮಗೆ ಯಾಕೆ ಬೇಕು ಎಂದು ಕೇಳುವವರು ಆಟಿ ತಿಂಗಳಲ್ಲಿ ಹಳೆಯ ಮನೆಯೊಂದರ ಚಾವಡಿಗೆ ಹೋಗಿ ನೋಡಬೇಕು. ಹೊರಗೆ ಜಡಿಮಳೆ, ಒಳಗೆ ಮರದ ಕಂಬಗಳ ನಡುವೆ ಅರೆಗತ್ತಲೆ. ಐಎಸ್‌ಒ 400 ಫಿಲ್ಮ್ ಹಾಕಿ, ಸ್ಟ್ಯಾಂಡಿನ ಮೇಲಿಟ್ಟು, ಎಫ್/8ಕ್ಕೆ ಅರ್ಧ ಸೆಕೆಂಡ್ ಕೊಟ್ಟರೇ ಚಿತ್ರ. ಬಯಲಾಟದ ರಂಗಸ್ಥಳದಲ್ಲಿ ಎಫ್/3.5ಕ್ಕೆ 1/30, ಭೂತಕೋಲದ ದೊಂದಿ ಬೆಳಕಿನಲ್ಲಿ 1/15 ಅಥವಾ ಅದಕ್ಕೂ ಕಡಿಮೆ. 1/30 ಎಂದು ಇಟ್ಟದ್ದು ನಿಜವಾಗಿ 1/12 ಆಗಿದ್ದರೆ ನೆಗೆಟಿವ್ ಹೆಚ್ಚು ಬೆಳಕನ್ನು ಹೇಗೋ ತಾಳಿಕೊಳ್ಳುತ್ತದೆ. ಆದರೆ ವೇಷ ಕುಣಿಯುವಾಗ ಕಿರೀಟ ಪೂರ್ತಿ ಕಲಸಿಹೋಗುತ್ತದೆ. ನಿಧಾನವಾದ ಶಟರ್ ಮಾಡುವ ದೊಡ್ಡ ಹಾನಿ ಇದೇ.

ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ರೋಗ ಗುರುತಿಸುವುದು ಸುಲಭ. ಲೆನ್ಸಿನ ಗಾಜುಗಳ ನಡುವೆ ತೆಳ್ಳಗಿನ ಉಕ್ಕಿನ ಬ್ಲೇಡುಗಳು ಒಂದರ ಮೇಲೊಂದು ಜಾರುತ್ತ ತೆರೆದು ಮುಚ್ಚುತ್ತವೆ. ಅವನ್ನು ಓಡಿಸುವುದು ಮುಖ್ಯ ಸ್ಪ್ರಿಂಗ್. ವೇಗ ಕಡಿಮೆ ಮಾಡಬೇಕಾದಾಗ ಅದರ ದಾರಿಗೆ ಒಂದು ಸಣ್ಣ ಗೇರ್ ಸಾಲು ಅಡ್ಡ ಬರುತ್ತದೆ. ಇದನ್ನು ಎಸ್ಕೇಪ್‌ಮೆಂಟ್ ಎನ್ನುತ್ತಾರೆ. ಸಾಲಿನ ಕೊನೆಯಲ್ಲಿ ಚೂಪು ಹಲ್ಲಿನ ಚಕ್ರ, ಅದಕ್ಕೆ ತಾಗಿ ಅತ್ತಿತ್ತ ಕುಣಿಯುವ ಪ್ಯಾಲೆಟ್. 1 ಸೆಕೆಂಡಿಗೆ ಇಟ್ಟಾಗ ಕೇಳುವ ಝೀ ಎಂಬ ಸದ್ದು ಈ ಪ್ಯಾಲೆಟಿನದು. ವೇಗ ಹೆಚ್ಚಿಸುತ್ತ ಹೋದಂತೆ ಪ್ಯಾಲೆಟ್ ಬದಿಗೆ ಸರಿಯುತ್ತದೆ, ಗೇರುಗಳ ಭಾರ ಮಾತ್ರ ತಡೆಯಾಗಿ ಉಳಿಯುತ್ತದೆ. ಮೇಲಿನ ವೇಗಗಳಲ್ಲಿ ಆ ತಡೆಯೂ ಇಲ್ಲವಾಗುತ್ತದೆ. ಈ ಗೇರುಗಳ ಮೊಳೆಗಳು ಗುಂಡುಸೂಜಿಗಿಂತ ಸಣ್ಣವು. ಹತ್ತಾರು ವರ್ಷ ಚರ್ಮದ ಕೇಸಿನಲ್ಲಿ ಕೂತು ಎಣ್ಣೆ ಹಲಸಿನ ಮೇಣದ ಹಾಗಾದಾಗ ದುರ್ಬಲ ಜಾಗದಲ್ಲಿ ಮೊದಲು ಹಿಡಿಯುತ್ತದೆ. 1 ಸೆಕೆಂಡ್ ಮೊದಲು ಕೈಕೊಡುವುದು ಅದಕ್ಕೇ.

ಕೊಳ್ಳುವಾಗ ಹೀಗೆ ನೋಡಿ. ಮಾರುವವರು ನಿಮ್ಮ ಕೈಗೆ ಕೊಡುವ ಮುಂಚೆ ಹತ್ತು ಸಲ ಕ್ಲಿಕ್ ಮಾಡಿ ತೋರಿಸುತ್ತಾರೆ. ಅದನ್ನು ಲೆಕ್ಕಕ್ಕೆ ಇಡಬೇಡಿ. ಗಟ್ಟಿಯಾದ ಎಣ್ಣೆ ನಾಲ್ಕು ಸಲ ಓಡಿಸಿದಾಗ ತಾತ್ಕಾಲಿಕವಾಗಿ ಸಡಿಲಾಗುತ್ತದೆ. ರಾತ್ರಿಯಿಡೀ ಮುಟ್ಟದೆ ಇಟ್ಟು ಬೆಳಗ್ಗೆ ಮಾಡುವ ಮೊದಲ ಕ್ಲಿಕ್ ಸತ್ಯ ಹೇಳುತ್ತದೆ. ಫಿಲ್ಮ್ ಇಲ್ಲದೆಯೂ ಪರೀಕ್ಷಿಸಬಹುದು: ಹಿಂಬಾಗಿಲು ಮುಚ್ಚಿ ಚಿತ್ರ ಎಣಿಸುವ ಕೌಂಟರ್ 1ಕ್ಕೆ ಬರುವ ತನಕ ಕ್ರ್ಯಾಂಕ್ (ಫಿಲ್ಮ್ ಮುಂದಕ್ಕೆ ಸರಿಸುವ ಹಿಡಿ) ತಿರುಗಿಸಿ, ನಿಂತ ಮೇಲೆ ಹಿಂದಕ್ಕೆ ತಂದು ಮಡಚಿಡಿ. ಶಟರ್ ಕಾಕ್ ಆಗಿರುತ್ತದೆ, ಅಂದರೆ ಸ್ಪ್ರಿಂಗ್ ಬಿಗಿಯಾಗಿ ಕ್ಲಿಕ್ಕಿಗೆ ಸಿದ್ಧವಾಗಿರುತ್ತದೆ. ಮುಂದಿನಿಂದ ಲೆನ್ಸಿನೊಳಗೆ ನೋಡುತ್ತ 1 ಸೆಕೆಂಡಿಗೆ ಕ್ಲಿಕ್ ಮಾಡಿ.

ಸದ್ದು ಶುರುವಾಗಿ ನಡುವೆ ಕುಂಟಿದರೆ ಅಥವಾ ಬ್ಲೇಡ್ ತೆರೆದೇ ನಿಂತರೆ ಎಸ್ಕೇಪ್‌ಮೆಂಟಿನಲ್ಲಿ ಕೊಳೆ. 1/60, 1/125 ಸರಿಯಿದ್ದು 1/15ರಿಂದ ಕೆಳಗೆ ಮಾತ್ರ ತೊಂದರೆಯಿದ್ದರೂ ಅದೇ. ಇದು ಗುಣವಾಗುವ ಕಾಯಿಲೆ, ಧೈರ್ಯವಾಗಿ ಕೊಳ್ಳಿ. ಎಲ್ಲ ವೇಗಗಳಲ್ಲೂ ಬ್ಲೇಡುಗಳು ಸೋಮಾರಿಯಾಗಿ ತೆರೆಯುತ್ತಿದ್ದರೆ ಬ್ಲೇಡಿನ ಮೇಲೆ ಎಣ್ಣೆ ಹರಡಿದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಪ್ಪು ಬ್ಲೇಡಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಅದೂ ಗುಣವಾಗುತ್ತದೆ. 1 ಸೆಕೆಂಡ್ ಮತ್ತು 1/30 ಎರಡೂ ಒಂದೇ ಹಾಗೆ ಟಪ್ ಎಂದರೆ ಗೇರ್ ಸಾಲು ಪೂರ್ತಿ ಅಂಟಿ, ಬ್ಲೇಡು ಓಡಿಸುವ ಮುಖ್ಯ ರಿಂಗಿನ ದಾರಿಗೇ ಬರುತ್ತಿಲ್ಲ. ಬಿಚ್ಚಲೇಬೇಕಾದ ಕೆಲಸವಾದ್ದರಿಂದ ಬೆಲೆಯಲ್ಲಿ ಚೌಕಾಶಿ ಮಾಡಿ. ಬ್ಲೇಡಿನ ಮೇಲೆ ಕಂದು ತುಕ್ಕಿನ ಚುಕ್ಕೆ ಕಂಡರೆ ಮಾತ್ರ ಬಿಟ್ಟುಬಿಡಿ. ಕಡಲ ಬದಿಯ ಮನೆಗಳಲ್ಲಿದ್ದ ಕ್ಯಾಮೆರಾಗಳಲ್ಲಿ ಇದನ್ನು ವಿಶೇಷವಾಗಿ ಹುಡುಕಿ. ಸೆಲ್ಫ್ ಟೈಮರ್ ಸನ್ನೆಯನ್ನು ಪರೀಕ್ಷೆಗೆಂದೂ ಮುಟ್ಟಬೇಡಿ. ಅದಕ್ಕೂ ಇಂಥದೇ ಗೇರ್ ಸಾಲು ಇದೆ, ನಡುವೆ ಹಿಡಿದರೆ ಇಡೀ ಶಟರ್ ನಿಂತುಬಿಡುತ್ತದೆ.

ಕಿವಿ ಮತ್ತು ಕಣ್ಣು ಸಾಲದು, ಅಳೆಯಬೇಕು. ನಿಧಾನದ ವೇಗಗಳಿಗೆ ಫೋನ್ ಸಾಕು: ಲೆನ್ಸಿನ ಪಕ್ಕದಲ್ಲೇ ಫೋನಿಟ್ಟು ಸದ್ದು ರೆಕಾರ್ಡ್ ಮಾಡಿ, ಅಡಾಸಿಟಿ ತಂತ್ರಾಂಶದಲ್ಲಿ ತೆರೆದರೆ ಬ್ಲೇಡ್ ತೆರೆದದ್ದು ಒಂದು ಮೊನೆ, ಮುಚ್ಚಿದ್ದು ಇನ್ನೊಂದು ಮೊನೆಯಾಗಿ ಕಾಣುತ್ತದೆ. ನಡುವಿನ ಅಂತರವೇ ವೇಗ. 1/8ಕ್ಕೆ 125 ಮಿಲಿಸೆಕೆಂಡ್, 1/15ಕ್ಕೆ 62.5, 1/30ಕ್ಕೆ 31 ಬರಬೇಕು. ಡಯಲಿನಲ್ಲಿ 15 ಎಂದು ಬರೆದಿದ್ದರೂ ಲೆಕ್ಕ 1/16ರದ್ದು, 30 ಎಂದರೆ 1/32. 1/30ರಿಂದ ಮೇಲೆ ಎರಡು ಮೊನೆಗಳೂ ಒಂದರೊಳಗೊಂದು ಸೇರಿಹೋಗುತ್ತವೆ, ಸದ್ದನ್ನು ನಂಬಬೇಡಿ. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಸೆಕೆಂಡಿಗೆ 240 ಫ್ರೇಮ್ ಬಂದರೆ ಒಂದು ಫ್ರೇಮಿಗೆ ಸುಮಾರು 4.2 ಮಿಲಿಸೆಕೆಂಡ್. 1/30ಕ್ಕೆ ಎಂಟು ಫ್ರೇಮ್ ಎಣಿಸಬಹುದು, 1/125ಕ್ಕೆ ಎರಡೂ ತುಂಬುವುದಿಲ್ಲ.

ಮೇಲಿನ ವೇಗಗಳಿಗೆ ಬೆಳಕಿನ ಸೆನ್ಸರ್ ಬೇಕು. ಬಿಪಿಡಬ್ಲ್ಯು34 ಎಂಬ ಫೋಟೋಡಯೋಡನ್ನು ಮೈಕಿನ ಪ್ಲಗ್ಗಿಗೆ ಬೆಸುಗೆ ಹಾಕಿದರೆ ಆಯಿತು. ಮುಂದೆ ಟಾರ್ಚ್, ಹಿಂದೆ ಫಿಲ್ಮ್ ಕೂರುವ ಜಾಗದ ನಡುವಿನಲ್ಲಿ ಸೆನ್ಸರ್. ಇಲ್ಲೊಂದು ತೊಡಕು: ಹಿಂಬಾಗಿಲು ತೆರೆದಿಟ್ಟು ಕಾಕ್ ಮಾಡಲು ಹೋಗಬೇಡಿ. ಮುಚ್ಚಿ, ಕೌಂಟರನ್ನು 1ಕ್ಕೆ ತಂದು, ಕಾಕ್ ಆದ ಮೇಲೆ ತೆರೆದು, ಸೆನ್ಸರ್ ಇಟ್ಟು ಕ್ಲಿಕ್ ಮಾಡಬೇಕು. ಪ್ರತಿ ಅಳತೆಗೂ ಇದೇ ಸುತ್ತು. ಬೇಜಾರಿನ ಕೆಲಸ, ಆದರೂ ಒಂದೊಂದು ವೇಗಕ್ಕೆ ಮೂರು ಅಳತೆಯಾದರೂ ಬೇಕು. ಮೂರೂ ಒಂದಕ್ಕೊಂದು ಹತ್ತಿರವಿದ್ದರೆ ಶಟರ್ ಶುದ್ಧ. ಒಂದೇ ವೇಗಕ್ಕೆ ಒಂದು 140, ಇನ್ನೊಂದು 210 ಮಿಲಿಸೆಕೆಂಡ್ ಬಂದರೆ ಕೊಳೆ ಇನ್ನೂ ಒಳಗಿದೆ. ನನ್ನ ಮಟ್ಟಿಗೆ ಸರಿಯಾದ ವೇಗಕ್ಕಿಂತಲೂ ಒಂದೇ ಹಾಗೆ ಬರುವ ವೇಗ ಮುಖ್ಯ. 1 ಸೆಕೆಂಡ್ ಯಾವಾಗಲೂ 1.25 ಬಂದರೆ ಅದು ಸ್ಟಾಪಿನ (ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್) ಮೂರನೇ ಒಂದು ಪಾಲು ಮಾತ್ರ, ಬರೆದಿಟ್ಟುಕೊಂಡು ಬಳಸಬಹುದು. 1/500ಕ್ಕೆ 1/350 ಸಿಕ್ಕರೆ ಅರ್ಧ ಸ್ಟಾಪ್. ಈ ವಯಸ್ಸಿನ ಶಟರಿನಲ್ಲಿ ಅದನ್ನು ಒಳ್ಳೆಯ ಫಲಿತಾಂಶವೆಂದೇ ತಿಳಿಯಿರಿ, ಸ್ಪ್ರಿಂಗ್ ಬಿಗಿ ಮಾಡಲು ಹೋಗಬೇಡಿ.

ಈಗ ಶುಚಿ ಮಾಡುವ ಕೆಲಸ. ದ್ರವ ಯಾವುದು ಎಂಬುದರಲ್ಲೇ ಅರ್ಧ ಗೆಲುವು. ಸಿಗರೇಟ್ ಲೈಟರಿಗೆ ತುಂಬಿಸುವ ಶುದ್ಧ ನಾಫ್ತಾ ಉತ್ತಮ, ಎಣ್ಣೆಯನ್ನು ಕರಗಿಸಿ ತಾನು ಆರಿಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡನೆಯ ಆಯ್ಕೆ, ಗ್ರೀಸಿನ ಮೇಲೆ ಅದರ ಬಲ ಸ್ವಲ್ಪ ಕಡಿಮೆ. ಔಷಧಿ ಅಂಗಡಿಯ ಸ್ಪಿರಿಟಿನಲ್ಲಿ ನೀರಿದೆ, ಬೇಡ. ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಮತ್ತು ಬೇರೆ ರಾಸಾಯನಿಕಗಳ ಬೆರಕೆಯಿದೆ, ಬೇಡ. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ. ತುಕ್ಕಿಗೆ ಹೊಡೆಯುವ ಡಬ್ಲ್ಯುಡಿ-40 ಅಂತೂ ಈ ಕ್ಯಾಮೆರಾದ ಹತ್ತಿರವೂ ಬರಬಾರದು: ಹೊಡೆದ ದಿನ ಶಟರ್ ಸೊಗಸಾಗಿ ಓಡುತ್ತದೆ, ಕೆಲವು ವಾರಗಳಲ್ಲಿ ಜಿಡ್ಡು ಬ್ಲೇಡಿಗೂ ಗಾಜಿಗೂ ಹರಡಿ ಮೊದಲಿಗಿಂತ ಕಡೆಯಾಗುತ್ತದೆ. ಹೊಲಿಗೆ ಮಿಷನಿನ ಎಣ್ಣೆಯದೂ ಇದೇ ಕಥೆ. ನಾಫ್ತಾದ ಆವಿ ಗಾಳಿಗಿಂತ ಭಾರ, ನೆಲದಲ್ಲಿ ಹರಿದು ಹೋಗಿ ಬೆಂಕಿ ಹಿಡಿಯುತ್ತದೆ. ಅಡುಗೆ ಮನೆಯಲ್ಲಿ, ದೇವರ ದೀಪವಿರುವ ಕೋಣೆಯಲ್ಲಿ ಈ ಕೆಲಸ ಕೂಡದು.

ಕಾಲವೂ ಮುಖ್ಯ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಾಫ್ತಾ ಆರುವಾಗ ಲೋಹ ತಣ್ಣಗಾಗುತ್ತದೆ. ನಮ್ಮ ಜೂನ್-ಜುಲೈಯ ಗಾಳಿಯಲ್ಲಿರುವ ತೇವ ಆ ತಣ್ಣನೆಯ ಬ್ಲೇಡಿನ ಮೇಲೆ ಕಣ್ಣಿಗೆ ಕಾಣದ ಪಸೆಯಾಗಿ ಕೂರುತ್ತದೆ. ಎಣ್ಣೆ ತೊಳೆದ ಬರಿ ಉಕ್ಕಿಗೆ ಅದೇ ತುಕ್ಕಿನ ಶುರು. ಡಿಸೆಂಬರ್, ಜನವರಿಯ ಒಣ ಮಧ್ಯಾಹ್ನ ಒಳ್ಳೆಯದು. ತುರ್ತಿದ್ದರೆ ಏಸಿ ಕೋಣೆ.

ಮೊದಲ ಹಂತಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ಕೆಳಗಿನ ಲೆನ್ಸಿನ ಮುಂದಿನ ಭಾಗ ಇಡಿಯಾಗಿ ಎಡಕ್ಕೆ ತಿರುಗಿ ಬಿಚ್ಚಿಕೊಳ್ಳುತ್ತದೆ. ಲೆನ್ಸಿನ ಅಂಚಿಗೆ ಮಾತ್ರ ತಾಗುವಂಥ ರಬ್ಬರ್ ಬೇಕು. ಸೈಕಲ್ ಟ್ಯೂಬಿನ ತುಂಡನ್ನು ಪಿವಿಸಿ ಪೈಪಿನ ತುದಿಗೆ ಬಿಗಿದರೆ ಒಳ್ಳೆಯ ಹಿಡಿತ ಬರುತ್ತದೆ. ತಿರುಗಿಸುವಾಗ ಮುಂದಿನ ಗಾಜಿನ ರಿಂಗ್ ಮಾತ್ರ ಬಿಚ್ಚಿ ಬರುತ್ತಿದೆ ಎನಿಸಿದರೆ ನಿಲ್ಲಿಸಿ, ಅದನ್ನು ಮತ್ತೆ ಬಿಗಿ ಮಾಡಿ. ಒಳಗಿನ ಎರಡು ಗಾಜುಗಳ ನಡುವಿನ ಅಂತರ ಕೆಟ್ಟರೆ ಚೂಪು ಹೋದ ಹಾಗೆಯೇ. ಇಡೀ ಭಾಗ ಬಂದ ಮೇಲೆ ಶಟರ್ ಬ್ಲೇಡುಗಳು ಎದುರೇ ಕಾಣುತ್ತವೆ.

ಹತ್ತಿ ಸುತ್ತಿದ ಕಡ್ಡಿಗೆ ಲೆನ್ಸ್ ಟಿಶ್ಯೂ ಸುತ್ತಿ, ನಾಫ್ತಾ ತಾಗಿಸಿ, ಒಮ್ಮೆ ಕಾಗದಕ್ಕೆ ಒತ್ತಿ ತೆಗೆಯಿರಿ. ತೇವ ಇರಬೇಕು, ತೊಟ್ಟಿಕ್ಕಬಾರದು. ಮುಚ್ಚಿದ ಬ್ಲೇಡುಗಳ ಮೇಲೆ ನಡುವಿನಿಂದ ಅಂಚಿಗೆ ಹಗುರವಾಗಿ ಒರೆಸಿ. 1/125ಕ್ಕೆ ಇಟ್ಟು ಹತ್ತು ಸಲ ಕ್ಲಿಕ್ ಮಾಡಿ. ಆಗ ಒಳಗಿನ ಎಣ್ಣೆ ಬ್ಲೇಡಿನ ಅಂಚುಗಳಲ್ಲಿ ಹೊಸದಾಗಿ ಗೆರೆಯಾಗಿ ಮೂಡುತ್ತದೆ, ಅದನ್ನು ಹೊಸ ಟಿಶ್ಯೂವಿನಿಂದ ಒರೆಸಿ. ಟಿಶ್ಯೂ ಬೆಳ್ಳಗೇ ಉಳಿಯುವ ತನಕ ಹೀಗೆಯೇ, ಸಾಮಾನ್ಯವಾಗಿ ಐದಾರು ಸುತ್ತು. ದ್ರವ ಜಾಸ್ತಿಯಾದರೆ ಬದಿಯಲ್ಲಿದ್ದ ಎಣ್ಣೆಯೂ ಕರಗಿ ಬ್ಲೇಡಿಗೆ ಬರುತ್ತದೆ, ಕೆಳಗಿಳಿದು ಹಿಂದಿನ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಒದ್ದೆ ಬ್ಲೇಡುಗಳು ನೀರು ತಾಗಿದ ಎರಡು ಗಾಜಿನ ಹಾಳೆಗಳ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಶಟರ್ ಮೊದಲಿಗಿಂತ ನಿಧಾನವಾಯಿತೆಂದು ಗಾಬರಿ ಬೇಡ. ಒಂದು ಗಂಟೆ ಆರಲು ಬಿಟ್ಟು ಆಮೇಲೆ ಅಳೆಯಿರಿ. ಬ್ಲೇಡಿಗೆ ಎಣ್ಣೆ ಎಂದೆಂದಿಗೂ ಬೇಡ, ಅವು ಒಣಗಿಯೇ ಓಡಬೇಕಾದವು.

ಇಷ್ಟಕ್ಕೇ ಮೇಲಿನ ವೇಗಗಳು ಸರಿಯಾಗಿ, 1 ಸೆಕೆಂಡ್ ಮಾತ್ರ ಕುಂಟುತ್ತಿದ್ದರೆ ಎರಡನೆಯ ಹಂತ: ಮುಂದಿನ ಫಲಕ ತೆಗೆಯಬೇಕು. ಫಲಕದ ಸ್ಕ್ರೂಗಳು ಕಪ್ಪು ಹೊದಿಕೆಯ ಅಡಿಯಲ್ಲಿವೆ. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಮೂಲೆಯಿಂದ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲ ಎಬ್ಬಿಸಿದರೆ ಹೊದಿಕೆ ಹರಿಯದೆ ಬರುತ್ತದೆ. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಜಪಾನಿ ಅಳತೆಯ ಡ್ರೈವರ್ ಬಳಸಿ, ಪ್ರತಿ ಹೆಜ್ಜೆಯ ಫೋಟೋ ತೆಗೆದಿಡಿ. ವೇಗದ ಕ್ಯಾಮ್ ರಿಂಗ್ ತೆಗೆಯುವ ಮುಂಚೆ ಅದರ ಯಾವ ತೋಡಿನಲ್ಲಿ ಯಾವ ಮೊಳೆ ಕೂತಿದೆ ಎಂಬ ಫೋಟೋ ಇಲ್ಲದಿದ್ದರೆ ಜೋಡಿಸುವಾಗ ಅಳುವಂತಾಗುತ್ತದೆ.

ಎಸ್ಕೇಪ್‌ಮೆಂಟ್ ಕಂಡ ಮೇಲೆ ಅದರ ಗೇರುಗಳ ಮೊಳೆಗಳಿಗೆ ಸೂಜಿಯ ತುದಿಯಿಂದ ಎರಡು ಮೂರು ಹನಿ ನಾಫ್ತಾ ಬಿಟ್ಟು, 1/8ರಿಂದ 1 ಸೆಕೆಂಡಿನ ತನಕ ಇಪ್ಪತ್ತು ಸಲ ಓಡಿಸಿ, ಬ್ಲಾಟಿಂಗ್ ಕಾಗದದ ಚೂಪು ತುದಿಯಿಂದ ಹೀರಿ ತೆಗೆಯಿರಿ. ಮೂರು ಸಲ ಹೀಗೆ. ಹೀರಿ ತೆಗೆಯುವುದನ್ನು ಬಿಟ್ಟರೆ ಕರಗಿದ ಕೊಳೆ ಅಲ್ಲೇ ಮತ್ತೆ ಕೂರುತ್ತದೆ. "ಸರಿ ಮಾಡಿ ಒಂದು ವಾರ ಆಯ್ತು, ಮತ್ತೆ ಹಿಡೀತದೆ" ಎನ್ನುವ ದೂರಿನ ಮೂಲ ಇಲ್ಲಿದೆ. ಹಾಗಾದರೆ ಗೇರ್ ಸಾಲನ್ನೇ ಹೊರತೆಗೆದು ನಾಫ್ತಾದಲ್ಲಿ ಮುಳುಗಿಸಿ ತೊಳೆಯಬೇಕು. ಬಿಚ್ಚುವ ಮುಂಚೆ ಅದು ಕೂತ ಜಾಗವನ್ನು ಸೂಜಿಯಿಂದ ಗೀಚಿ ಗುರುತು ಮಾಡಿ. ಅದು ಕೂರುವ ಜಾಗ ಕೂದಲೆಳೆಯಷ್ಟು ಬದಲಾದರೂ ನಿಧಾನದ ವೇಗಗಳೆಲ್ಲ ಬದಲಾಗುತ್ತವೆ. ತೊಳೆದು ಒಣಗಿದ ಮೇಲೆ ಗಡಿಯಾರದ ಎಣ್ಣೆಯನ್ನು ಸೂಜಿಯ ಮೊನೆಗೆ ತಾಗುವಷ್ಟು ಮಾತ್ರ ಮೊಳೆಗಳಿಗೆ ಮುಟ್ಟಿಸಬಹುದು. ಕಣ್ಣಿಗೆ ಹನಿಯಾಗಿ ಕಂಡರೆ ಅದು ಜಾಸ್ತಿ.

ಮುಂದಿನ ಲೆನ್ಸನ್ನು ಮತ್ತೆ ಹಾಕುವಾಗ ಕೊನೆ ಮುಟ್ಟುವ ತನಕ ಬಿಗಿಯಬೇಕು. ಯಾಶಿಕಾದಲ್ಲಿ ಇಡೀ ಲೆನ್ಸ್ ಫಲಕ ಹಿಂದೆ ಮುಂದೆ ಹೋಗಿ ಫೋಕಸ್ ಆಗುವುದರಿಂದ ಇದು ಸುಲಭ. ಮುಂದಿನ ಗಾಜನ್ನು ತಿರುಗಿಸಿ ಫೋಕಸ್ ಮಾಡುವ ಆಗ್ಫಾ ಐಸೊಲೆಟ್ ಮಾದರಿಯಲ್ಲಿ ಗುರುತು ಮಾಡದೆ ಬಿಚ್ಚಿದರೆ ಅನಂತ ದೂರದ ಫೋಕಸ್ ಹೊಸದಾಗಿ ಹುಡುಕಬೇಕಾಗುತ್ತದೆ. ಜೋಡಿಸಿದ ಮೇಲೆ ಫಿಲ್ಮ್ ಕೂರುವ ಜಾಗಕ್ಕೆ ಬಟರ್ ಪೇಪರ್ ಬಿಗಿದು, ಬಿಯಲ್ಲಿ ಶಟರ್ ತೆರೆದಿಟ್ಟು, ಬೇಕಲ ಕೋಟೆಯ ಮೇಲಿಂದ ಕಡಲಂಚನ್ನು ನೋಡಿ. ಮೇಲಿನಿಂದ ನೋಡುವ ಗಾಜಿನಲ್ಲೂ ಬಟರ್ ಪೇಪರಿನಲ್ಲೂ ಒಟ್ಟಿಗೇ ಚೂಪಾಗಬೇಕು.

ಕೈಯಿಂದ ಆಗದವರು ಮೆಕ್ಯಾನಿಕ್ಕಿಗೆ ಕೊಡುವುದು ಸರಿ. ಕೊಡುವ ಮುಂಚೆ ಮೂರು ಮಾತು ಕೇಳಿ: ಎಸ್ಕೇಪ್‌ಮೆಂಟ್ ಹೊರತೆಗೆದು ತೊಳೆಯುತ್ತೀರಾ, ಯಾವ ದ್ರವ ಬಳಸುತ್ತೀರಿ, ಮುಂಚಿನ ಮತ್ತು ಅನಂತರದ ಅಳತೆ ಬರೆದು ಕೊಡುತ್ತೀರಾ. "ಎಂತ ಇಲ್ಲ, ಎರಡು ಹನಿ ಎಣ್ಣೆ ಬಿಟ್ಟರೆ ಸರಿ ಆಗ್ತದೆ" ಎಂದರೆ ನಮಸ್ಕಾರ ಹೇಳಿ ಕ್ಯಾಮೆರಾ ವಾಪಸ್ ತನ್ನಿ. ಅಳತೆಯ ಚೀಟಿ ಕೊಡುವವರು ಸ್ವಲ್ಪ ಹೆಚ್ಚು ಕೇಳಿದರೂ ಕೊಡಬಹುದು.

ಅದೇ ಬೆಲೆಗೆ ಸಿಗುವ ಬೇರೆಯವುಗಳ ಮಾತು ಚಿಕ್ಕದಾಗಿ. ಯಾಶಿಕಾ-ಡಿ ಕೂಡ ಕೊಪಾಲ್ ಶಟರಿನದೇ. ಕಾಕ್ ಮಾಡುವ ಸನ್ನೆ ಬೇರೆಯೇ ಇರುವುದರಿಂದ ಹಿಂಬಾಗಿಲು ತೆರೆದಿಟ್ಟು ಎಷ್ಟು ಸಲ ಬೇಕಾದರೂ ಪರೀಕ್ಷಿಸಬಹುದು. ರಿಪೇರಿ ಕಲಿಯುವವರಿಗೆ ಮ್ಯಾಟಿಗಿಂತ ಅದೇ ಒಳ್ಳೆಯದು. ಜೆನಿಟ್-ಇ ಕ್ಯಾಮೆರಾದಲ್ಲಿ ನಿಧಾನದ ವೇಗಗಳೇ ಇಲ್ಲ, 1/30ರಿಂದ ಕೆಳಗೆ ನೇರ ಬಿ. ಪೆಂಟಾಕ್ಸ್ ಕೆ1000ದಲ್ಲಿ ಬಟ್ಟೆಯ ಪರದೆ. ಅದರ ಶುಚಿ ಬೇರೆ ವಿದ್ಯೆ, ಮೇಲೆ ಹೇಳಿದ ಕ್ರಮವನ್ನು ಅದಕ್ಕೆ ಅನ್ವಯಿಸಬೇಡಿ.

124ಜಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಕ್ರ್ಯಾಂಕಿನ ಗೇರ್. ತಿರುಗಿಸುವಾಗ ಹಲ್ಲು ಜಾರಿದ ಹಾಗೆ ಕಟಕ್ ಎಂದರೆ ಅಥವಾ ಚಿತ್ರಗಳು ಒಂದರ ಮೇಲೊಂದು ಬರುತ್ತಿದ್ದರೆ ಬೇಡ. ಬಿಡಿಭಾಗ ಸಿಗಬೇಕಾದರೆ ಇನ್ನೊಂದು ಕೆಟ್ಟ ಕ್ಯಾಮೆರಾ ಕೊಳ್ಳಬೇಕು. ಎರಡನೆಯದು ಬೂಸ್ಟು: ಟಾರ್ಚ್ ಹಾಕಿ ನೋಡಿದಾಗ ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ, ಒರೆಸಿದ ಮೇಲೂ ಗಾಜಿನಲ್ಲಿ ಕೊರೆದ ಗುರುತು ಉಳಿಯಬಹುದು.

ಶುಚಿಯಾದ ಶಟರನ್ನು ಉಳಿಸಿಕೊಳ್ಳುವ ಕ್ರಮ ಇಷ್ಟೇ: ಚರ್ಮದ ಕೇಸಿನಲ್ಲಿ ಇಡಬೇಡಿ, ಅದು ಮಳೆಗಾಲದ ತೇವವನ್ನೆಲ್ಲ ಹೀರಿಕೊಂಡು ಹಿಡಿದಿಡುತ್ತದೆ. ಗಾಳಿ ಹೋಗದ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಹಾಕಿ ಇಡಿ, ನೀಲಿ ಹರಳು ಗುಲಾಬಿಯಾದಾಗ ಬದಲಿಸಿ ಅಥವಾ ಬಿಸಿ ಮಾಡಿ ಒಣಗಿಸಿ. ಕಾಕ್ ಮಾಡಿಟ್ಟು ಮರೆಯಬೇಡಿ, ಸ್ಪ್ರಿಂಗ್ ಸಡಿಲವಾಗಿ ಇರಲಿ. 1/500 ಬೇಕಾದರೆ ಕ್ರ್ಯಾಂಕ್ ತಿರುಗಿಸುವ ಮೊದಲೇ ಆ ವೇಗಕ್ಕೆ ಇಡಿ. ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆಗೆದು 1 ಸೆಕೆಂಡಿನಿಂದ 1/500ರ ತನಕ ಒಂದೊಂದು ಕ್ಲಿಕ್, ಆಮೇಲೆ ಮುಚ್ಚಳ ಬಿಗಿ.